ದೇವರು, ಡಿಗ್ರಿ ಮತ್ತು ಲಸಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾದವನು. ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ಬೂತಿನಲ್ಲಿ ಕೂತು ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿದ್ದೇನೆ. ಮರುದಿನ ಆಶಾ ಕಾರ್ಯಕರ್ತೆಯರ ಹಿಂದೆ ಚಾಕ್‌ಪೀಸು ಹಿಡಿದು ಬೀದಿ ಸುತ್ತಿದ್ದೇನೆ. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಬಾಗಿಲ ಪಕ್ಕ ‘ಪಿ’ ಗುರುತು, ಒಂದು ಮಗು ತಪ್ಪಿದ್ದರೂ ‘ಎಕ್ಸ್’. ಆಗ ಕೇಳಿಸಿಕೊಂಡ, ಆಮೇಲೆ ಮದುವೆಮನೆ, ಬಸ್‌ಸ್ಟ್ಯಾಂಡು, ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಅರ್ಧಕ್ಕರ್ಧ ಪ್ರಶ್ನೆಗಳ ಒಳಗೆ ಉತ್ತರವೂ ಅಡಗಿರುತ್ತಿತ್ತು: “ಆ ಜನ ಹಾಕಿಸಲ್ಲ ಅಲ್ವಾ ಸಾರ್?” ಅಥವಾ “ಓದಿಲ್ದೋರು, ಏನ್ಮಾಡೋದು?” ಎರಡೂ ಅಷ್ಟು ಸುಲಭವಲ್ಲ.

ಲಸಿಕೆ ಬೇಡ ಎಂದು ಹೇಳುವ ಧರ್ಮ ಯಾವುದಾದರೂ ಇದೆಯೇ?

ದೊಡ್ಡ ಧರ್ಮಗಳಲ್ಲಿ ಒಂದೂ ಇಲ್ಲ. ಲಸಿಕೆ ಬಂದಿರುವುದೇ ಎರಡು ಶತಮಾನಗಳಿಂದೀಚೆಗೆ, ಯಾವ ಮೂಲಗ್ರಂಥದಲ್ಲೂ ಅದರ ಸುದ್ದಿ ಇರಲು ಸಾಧ್ಯವಿಲ್ಲ. ಅಮೆರಿಕದ ಕ್ರಿಶ್ಚಿಯನ್ ಸೈನ್ಸ್‌ನಂಥ ಸಣ್ಣ ಪಂಥಗಳು ಔಷಧಿಗಿಂತ ಪ್ರಾರ್ಥನೆಯೇ ಮೇಲು ಎನ್ನುತ್ತವೆ. 1972ರಲ್ಲಿ ಕನೆಕ್ಟಿಕಟ್‌ನಲ್ಲಿ ಆ ಪಂಥದವರ ಶಾಲೆಯೊಂದರಲ್ಲಿ ಪೋಲಿಯೊ ಕಾಣಿಸಿಕೊಂಡಿತ್ತು. ನೆದರ್ಲೆಂಡ್ಸ್‌ನ ಕೆಲವು ಸಂಪ್ರದಾಯಸ್ಥ ಪ್ರಾಟೆಸ್ಟೆಂಟರ ಮಾತು ಮುಂದೆ ಬರುತ್ತದೆ. ಉಳಿದಂತೆ ‘ನಮ್ಮ ಧರ್ಮ ಒಪ್ಪಲ್ಲ’ ಎಂಬ ಮಾತು ಕಿವಿಗೆ ಬಿದ್ದಾಗ ಅದರ ಕೆಳಗೆ ಬೇರೇನೋ ಇರುತ್ತದೆ. ಕೆದಕಿ ನೋಡಬೇಕು.

ಹಾಗಾದರೆ ಉತ್ತರ ಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ ಪೋಲಿಯೊ ಹನಿಗೆ ಅಷ್ಟು ವಿರೋಧ ಏಕಿತ್ತು?

ಈ ಪ್ರಶ್ನೆಯನ್ನು ಬಹಳ ಜನ ಕುಟುಕುವ ದನಿಯಲ್ಲೇ ಕೇಳುತ್ತಾರೆ. ಸ್ವಲ್ಪ ಸಮಾಧಾನದಿಂದ ನೋಡೋಣ.

ಮೊರಾದಾಬಾದ್ ಸುತ್ತಮುತ್ತಲ ಪಶ್ಚಿಮ ಉತ್ತರ ಪ್ರದೇಶದಲ್ಲಿ ಹಬ್ಬಿದ್ದ ಗಾಳಿಸುದ್ದಿ ಒಂದೇ: ಈ ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ. ಕೇಳಲು ಹುಚ್ಚುಮಾತು. ಆದರೆ 1975ರಿಂದ 77ರ ತುರ್ತುಪರಿಸ್ಥಿತಿಯಲ್ಲಿ ಅದೇ ಊರುಗಳಿಗೆ ಸರ್ಕಾರದ ಜೀಪು ಬಂದು ಗಂಡಸರನ್ನು ಎಳೆದೊಯ್ದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿತ್ತು. ಹಿಂದೂ, ಮುಸ್ಲಿಂ ಇಬ್ಬರಿಗೂ ಆಯಿತು, ಬಡವರಿಗೆ ಹೆಚ್ಚಾಗಿ ಆಯಿತು. ಅದನ್ನು ಕಣ್ಣಾರೆ ಕಂಡ ಅಜ್ಜ ಜಗಲಿಯಲ್ಲಿ ಕೂತಿರುವಾಗ ಅದೇ ಸರ್ಕಾರದ ಇನ್ನೊಂದು ಜೀಪು ಬಂದು “ಮೊಮ್ಮಗನ ಬಾಯಿ ತೆರೆಸಿ” ಅಂದರೆ ಅವನು ಏನು ಯೋಚಿಸಬೇಕು?

ಎರಡನೆಯದು, ಆ ಭಾಗದಲ್ಲಿ ಹನಿ ಎರಡು ಸಲ, ಮೂರು ಸಲ ಹಾಕಿದರೆ ಸಾಕಾಗುತ್ತಿರಲಿಲ್ಲ. ಕಿಕ್ಕಿರಿದ ಮನೆ, ಕೊಳಚೆ ನೀರು, ಮಕ್ಕಳಿಗೆ ಮೇಲಿಂದ ಮೇಲೆ ಭೇದಿ. ಹೊಟ್ಟೆಯಲ್ಲಿ ಲಸಿಕೆ ನಿಲ್ಲುತ್ತಿರಲಿಲ್ಲ. ಹಾಗಾಗಿ ಒಂದೇ ಮಗುವಿಗೆ ಹತ್ತು ಹದಿನೈದು ಬಾರಿ ಹನಿ. ಚರಂಡಿ ಕೇಳಿದರೆ ಬರುವುದಿಲ್ಲ, ಜ್ವರ ಬಂದರೆ ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ, ಪೋಲಿಯೊ ಹನಿ ಮಾತ್ರ ತಿಂಗಳು ತಿಂಗಳು ಮನೆ ಬಾಗಿಲಿಗೆ. ‘ಇದರಲ್ಲಿ ಇವರಿಗೇನೋ ಲಾಭ ಇರಬೇಕು’ ಎಂದು ಅನುಮಾನ ಬಂದದ್ದು ಧರ್ಮಗ್ರಂಥದಿಂದಲ್ಲ, ಬುದ್ಧಿಯಿಂದ.

ಅಲ್ಲಿ ಕೆಲಸ ಗೆದ್ದದ್ದೂ ಅದನ್ನು ಒಪ್ಪಿಕೊಂಡ ಮೇಲೆ. ಜಾಮಿಯಾ ಮಿಲಿಯಾ, ಅಲಿಗಢ, ಜಾಮಿಯಾ ಹಮ್‌ದರ್ದ್ ವಿಶ್ವವಿದ್ಯಾಲಯಗಳವರು ಜತೆಗೂಡಿದರು, ಇಮಾಮರು ಮಸೀದಿಯಿಂದ ಕೂಗಿ ಹೇಳಿದರು. ಎಲ್ಲಕ್ಕಿಂತ ಹೆಚ್ಚಾಗಿ ಅದೇ ಗಲ್ಲಿಯ ಹೆಣ್ಣುಮಕ್ಕಳನ್ನು ತಯಾರು ಮಾಡಿ ಮನೆಗಳಿಗೆ ಕಳಿಸಿದರು. ಹನಿಯ ಜತೆಗೆ ಭೇದಿಗೆ ಒಆರ್‌ಎಸ್ ಪೊಟ್ಟಣ, ಕೈತೊಳೆಯುವ ಪಾಠ, ಉಳಿದ ಚುಚ್ಚುಮದ್ದಿನ ದಿನಾಂಕ ಎಲ್ಲ ಸೇರಿತು. 2010ರಲ್ಲಿ ಹೆಚ್ಚು ಪರಿಣಾಮಕಾರಿಯಾದ ಹೊಸ ಹನಿಯೂ ಬಂತು. 2009ರಲ್ಲಿ ದೇಶದಲ್ಲಿ 741 ಪೋಲಿಯೊ ಪ್ರಕರಣ, ಪ್ರಪಂಚದ ಸುಮಾರು ಅರ್ಧ. ಕೊನೆಯದು ಸಿಕ್ಕಿದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ವಿರೋಧಿಸಿದ್ದ ಅದೇ ಮೊಹಲ್ಲಾಗಳು ಒಪ್ಪದೆ ಇದು ಆಗುತ್ತಿರಲಿಲ್ಲ.

ನೈಜೀರಿಯಾ, ಪಾಕಿಸ್ತಾನದಲ್ಲೂ ಹೀಗೇ ಆಯಿತಲ್ಲ, ಅಲ್ಲಿ ತುರ್ತುಪರಿಸ್ಥಿತಿ ಇರಲಿಲ್ಲವಲ್ಲ?

ಅಲ್ಲಿಯದು ಬೇರೆ ಗಾಯ. ನೈಜೀರಿಯಾದ ಕಾನೊ ರಾಜ್ಯ 2003ರಿಂದ 2004ರವರೆಗೆ ಪೋಲಿಯೊ ಹನಿಯನ್ನೇ ನಿಲ್ಲಿಸಿತು. ಅದೇ ಕಾನೊದಲ್ಲಿ 1996ರಲ್ಲಿ ಮೆದುಳುಜ್ವರ (ಮೆನಿಂಜೈಟಿಸ್) ಹಬ್ಬಿದ್ದಾಗ ಅಮೆರಿಕದ ದೊಡ್ಡ ಔಷಧ ಕಂಪನಿಯೊಂದು 200 ಮಕ್ಕಳ ಮೇಲೆ ಹೊಸ ಔಷಧದ ಪ್ರಯೋಗ ನಡೆಸಿ, 11 ಮಕ್ಕಳು ಸತ್ತು, ಕೇಸು ವರ್ಷಗಟ್ಟಲೆ ನಡೆದಿತ್ತು. ಕೊನೆಗೆ ಇಂಡೊನೇಷ್ಯಾದಂಥ ಮುಸ್ಲಿಂ ದೇಶದಲ್ಲಿ ತಯಾರಾದ ಲಸಿಕೆ ತರಿಸಿದ ಮೇಲೆ ಕಾನೊ ಒಪ್ಪಿತು. ಅಷ್ಟರಲ್ಲಿ ಅಲ್ಲಿಂದ ಹೊರಟ ವೈರಸ್ಸು ಪೋಲಿಯೊ ತೊಲಗಿದ್ದ ಹಲವು ದೇಶಗಳಿಗೆ ಮರಳಿ ಹೋಗಿತ್ತು.

ಪಾಕಿಸ್ತಾನದ್ದು ಇನ್ನೂ ಬೇಸರದ ಕಥೆ. ಒಸಾಮಾ ಬಿನ್ ಲಾಡೆನ್ ಅಬೊಟಾಬಾದಿನಲ್ಲಿ ಇದ್ದಾನೋ ಎಂದು ಪತ್ತೆಹಚ್ಚಲು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ 2011ರಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನಾಟಕ ಆಡಿಸಿತು. ‘ಲಸಿಕೆಯವರು ಗೂಢಚಾರರು’ ಎಂದು ಅದುವರೆಗೆ ಹೇಳುತ್ತಿದ್ದವರ ಮಾತು ಒಂದೇ ದಿನದಲ್ಲಿ ನಿಜವಾಯಿತು! ಇನ್ನು ಮುಂದೆ ಲಸಿಕೆ ಕಾರ್ಯಕ್ರಮವನ್ನು ಗೂಢಚರ್ಯೆಗೆ ಬಳಸುವುದಿಲ್ಲ ಎಂದು ಅಮೆರಿಕ ಭಾಷೆ ಕೊಟ್ಟದ್ದು 2014ರಲ್ಲಿ. ಈ ನಡುವೆ ಅಲ್ಲಿ ಮನೆಮನೆಗೆ ಹೋಗುತ್ತಿದ್ದ ಎಷ್ಟೋ ಕಾರ್ಯಕರ್ತೆಯರು ಗುಂಡಿಗೆ ಬಲಿಯಾದರು.

ಲಸಿಕೆಯಲ್ಲಿ ಹಂದಿಯ ಅಂಶ, ಕರುವಿನ ರಕ್ತ ಇರುತ್ತದಂತೆ, ನಿಜವೇ?

ಸುಳ್ಳು ಎಂದು ತಳ್ಳಿಹಾಕುವವರ ಜತೆ ನಾನಿಲ್ಲ. ಪೂರ್ತಿ ಸುಳ್ಳಲ್ಲ, ಹೇಳುವ ರೀತಿ ಸುಳ್ಳು.

ಕೆಲವು ಲಸಿಕೆಗಳು ಕೆಡದಂತೆ ಜೆಲಟಿನ್ ಹಾಕುತ್ತಾರೆ. ಜೆಲಟಿನ್ ಪ್ರಾಣಿಗಳ ಎಲುಬು, ಚರ್ಮದಿಂದ ಬರುವಂಥದು, ಹಂದಿಯದ್ದೂ ಇರಬಹುದು. ಫ್ಲೂ, ಹಳದಿ ಜ್ವರದ ಲಸಿಕೆಗಳಲ್ಲಿ ಹಲವನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ವೈರಸ್ ಬೆಳೆಸಲು ಬೇಕಾದ ಜೀವಕೋಶಗಳಿಗೆ ಎಳೆಗರುವಿನ ಸೀರಮ್ (ರಕ್ತದ ತಿಳಿಭಾಗ) ಆಹಾರವಾಗಿ ಬಳಕೆಯಾಗುತ್ತದೆ. 2021ರ ಜೂನ್‌ನಲ್ಲಿ ಕೊವ್ಯಾಕ್ಸಿನ್ ಬಗ್ಗೆ ಗಲಾಟೆ ಎದ್ದಾಗ ಕೇಂದ್ರ ಸರ್ಕಾರ ಹೇಳಿದ್ದೂ ಇದನ್ನೇ: ಕೋಶ ಬೆಳೆಸುವ ಹಂತದಲ್ಲಿ ಸೀರಮ್ ಬಳಸುತ್ತಾರೆ, ತೊಳೆದುಹೋಗುತ್ತದೆ, ಶೀಶೆಯಲ್ಲಿ ಇರುವುದಿಲ್ಲ.

ಧರ್ಮಪಂಡಿತರು ಇದನ್ನು ಗಮನಿಸದೆ ಬಿಟ್ಟಿಲ್ಲ. 1995ರಲ್ಲಿ ಕುವೈತಿನ ಇಸ್ಲಾಮಿಕ್ ವೈದ್ಯವಿಜ್ಞಾನ ಸಂಸ್ಥೆ ಸೇರಿಸಿದ ಸಭೆಯಲ್ಲಿ ನೂರಕ್ಕೂ ಹೆಚ್ಚು ವಿದ್ವಾಂಸರು ಕೂತು, ಹಂದಿಯ ಮೂಲದ್ದಾದರೂ ಜೆಲಟಿನ್ ಪೂರ್ತಿ ರೂಪ ಬದಲಿಸಿಕೊಂಡಿರುವುದರಿಂದ ಅಡ್ಡಿಯಿಲ್ಲ ಎಂದರು. ದ್ರಾಕ್ಷಾರಸ ಹೆಂಡವಾದರೆ ನಿಷಿದ್ಧ, ಅದೇ ಹೆಂಡ ಹುಳಿತು ವಿನಿಗರ್ ಆದರೆ ಸೇವಿಸಬಹುದಲ್ಲ, ಆ ತರ್ಕ. ಪ್ರಾಣ ಉಳಿಸುವ ಅನಿವಾರ್ಯದಲ್ಲಿ ನಿಷಿದ್ಧವೂ ಸಲ್ಲುತ್ತದೆ ಎಂಬುದು ಇನ್ನೊಂದು ದಾರಿ.

ಕ್ಯಾಥೊಲಿಕರಿಗೆ ತೊಡಕಾದದ್ದು ಬೇರೆ: 1960ರ ದಶಕದಲ್ಲಿ ಗರ್ಭಪಾತವಾದ ಎರಡು ಭ್ರೂಣಗಳಿಂದ ಬೆಳೆಸಿಕೊಂಡು ಬಂದ ಕೋಶಗಳಲ್ಲಿ ರುಬೆಲ್ಲಾದಂಥ ಲಸಿಕೆಗಳನ್ನು ತಯಾರಿಸುತ್ತಾರೆ. ವ್ಯಾಟಿಕನ್ 2005ರಲ್ಲಿ ಒಮ್ಮೆ, 2020ರ ಡಿಸೆಂಬರ್ 21ರಂದು ಕೋವಿಡ್ ಲಸಿಕೆಗಳ ಬಗ್ಗೆ ಮತ್ತೊಮ್ಮೆ ತೀರ್ಪು ಕೊಟ್ಟಿತು. ಬೇರೆ ಲಸಿಕೆ ಇಲ್ಲದಿದ್ದರೆ ಇದನ್ನು ಹಾಕಿಸಿಕೊಳ್ಳುವುದು ಪಾಪವಲ್ಲ, ಆದರೆ ಕಂಪನಿಗಳು ಬೇರೆ ದಾರಿ ಹುಡುಕಬೇಕು ಎಂದು.

ಶುದ್ಧ ಸಸ್ಯಾಹಾರಿಗಳಾದ ಜೈನರು, ಲಿಂಗಾಯತರು, ಬ್ರಾಹ್ಮಣರು ಈ ಪ್ರಶ್ನೆ ಕೇಳಿದ್ದು ಬೂತಿನಲ್ಲಿ ನನಗೆ ನೆನಪಿಲ್ಲ. ಔಷಧಿಯನ್ನು ಊಟದ ಲೆಕ್ಕಕ್ಕೆ ಹಿಡಿಯಬಾರದು ಎಂಬ ತಿಳಿವಳಿಕೆ ಎಲ್ಲ ಮನೆಗಳಲ್ಲೂ ಹಿಂದಿನಿಂದ ಇದೆ.

ರಂಜಾನ್ ಉಪವಾಸದಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳಬಹುದೇ?

ಮಾಂಸಖಂಡಕ್ಕೆ ಕೊಡುವ ಲಸಿಕೆಯಿಂದ ಉಪವಾಸ ಮುರಿಯುವುದಿಲ್ಲ ಎಂದು ಸೌದಿಯ ಮುಖ್ಯ ಮುಫ್ತಿ 2021ರಲ್ಲಿ ಹೇಳಿದರು, ಬಹುಪಾಲು ವಿದ್ವಾಂಸರದ್ದೂ ಅದೇ ಮಾತು. ಎಳೆಮಕ್ಕಳಿಗೆ ಉಪವಾಸವೇ ಇಲ್ಲ. ಅಂದಹಾಗೆ, ಹಜ್‌ಗೆ ಹೋಗುವವರು ಮೆದುಳುಜ್ವರದ ಲಸಿಕೆ ಹಾಕಿಸಿಕೊಳ್ಳದೆ ವಿಮಾನ ಹತ್ತುವಂತಿಲ್ಲ. ‘ಅವರ ಧರ್ಮ ಒಪ್ಪಲ್ಲ’ ಎನ್ನುವವರಿಗೆ ನಾನು ಇದನ್ನು ನೆನಪಿಸುತ್ತೇನೆ.

ಹಿಂದೂಗಳಲ್ಲಿ ಇಂಥ ತಕರಾರು ಇರಲಿಲ್ಲ, ಅಲ್ಲವೇ?

ಇರಲಿಲ್ಲವೇ? ನಮ್ಮ ಕಾಯಿಲೆಗಳ ಹೆಸರನ್ನೇ ನೋಡಿ. ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’. ಡಿಫ್ತೀರಿಯಾಕ್ಕೆ ಕನ್ನಡದಲ್ಲಿ ಗಂಟಲಮಾರಿ, ಅದರೊಳಗೂ ಮಾರಿ ಕೂತಿದ್ದಾಳೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬಾಗಿಲಿಗೆ ಬೇವಿನ ಸೊಪ್ಪು, ಮಗುವಿಗೆ ಮೊಸರನ್ನ, ಕೊನೆಗೆ ತಂಪು ಮಾಡಿ ಕಳಿಸಿಕೊಡಬೇಕು. ಬಂದಿರುವವಳು ದೇವಿಯಾದರೆ ಅವಳನ್ನು ಸೂಜಿ ಚುಚ್ಚಿ ತಡೆಯುವುದು ಹೇಗೆ? ಸಿಟ್ಟಾಗುವುದಿಲ್ಲವೇ? 19ನೇ ಶತಮಾನದ ಉದ್ದಕ್ಕೂ ಇದು ನಿಜವಾದ ಪ್ರಶ್ನೆಯಾಗಿತ್ತು.

ಜತೆಗೆ ಜಾತಿ. ಆಗ ಲಸಿಕೆ ಶೀಶೆಯಲ್ಲಿ ಬರುತ್ತಿರಲಿಲ್ಲ. ಒಬ್ಬ ಮಗುವಿನ ತೋಳಿನ ಗುಳ್ಳೆಯಿಂದ ಕೀವು ತೆಗೆದು ಇನ್ನೊಬ್ಬರ ತೋಳಿಗೆ ದಾಟಿಸಬೇಕು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಹುಡುಗಿಗೆ ಹಾಕಿದ ಲಸಿಕೆ ಹೀಗೇ ತೋಳಿಂದ ತೋಳಿಗೆ ದೇಶ ಸುತ್ತಿತು. ಯಾರ ಮೈಯ ಕೀವು ಯಾರ ಮೈಗೆ ಎಂಬುದು ಮೇಲುಜಾತಿಯವರಿಗೆ ಸಣ್ಣ ವಿಷಯವಾಗಿರಲಿಲ್ಲ. ಆ ಲಸಿಕೆಯ ಮೂಲ ಹಸುಗಳಿಗೆ ಬರುವ ಸಿಡುಬು ಎಂಬುದು ಇನ್ನೊಂದು ಗೊಂದಲ. ಇದರ ಮೇಲೆ, ಸಿಡುಬಿನ ಕೀವನ್ನೇ ಚರ್ಮಕ್ಕೆ ಗೀರಿ ಹಾಕುವ ಹಳೆಯ ಪದ್ಧತಿಯಿಂದ ಹೊಟ್ಟೆಹೊರೆಯುತ್ತಿದ್ದವರೂ ಇದ್ದರು. ಹೊಸ ಲಸಿಕೆ ಅವರ ಅನ್ನಕ್ಕೆ ಕಲ್ಲು.

ಇಲ್ಲಿ ಮೈಸೂರಿನ ಮಾತು ಬರಲೇಬೇಕು. 1805ರ ಸುಮಾರಿಗೆ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಬರೆದ ಮೂವರು ಹೆಂಗಸರ ಚಿತ್ರವೊಂದಿದೆ. ಬಹುಕಾಲ ಅವರು ಯಾರೋ ನರ್ತಕಿಯರಿರಬೇಕು ಎಂದುಕೊಂಡಿದ್ದರು. ಇವರು ಮೈಸೂರು ಅರಮನೆಯ ರಾಣಿಯರು, ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಚಿಕ್ಕ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವ್ಯಾಖ್ಯಾನಿಸಿದರು. ಅವರ ಮಾತು ಸರಿಯಾದರೆ ಭಾರತದ ಮೊದಲ ಲಸಿಕೆ ಜಾಹೀರಾತಿನ ಮುಖ ನಮ್ಮ ಮೈಸೂರಿನ ಹೆಣ್ಣುಮಗಳದ್ದು. ಹೊಸ ಮದ್ದಿಗೆ ಊರು ಹೆದರುತ್ತಿದ್ದಾಗ ಅರಮನೆಯೇ ತೋಳು ಚಾಚಿ ತೋರಿಸಿತು.

ಅದೇ ಕಾಲದಲ್ಲಿ, ಹಿಂದೂಗಳನ್ನು ಒಪ್ಪಿಸಲೆಂದು, ‘ಹಸುವಿನ ಸಿಡುಬಿನ ಮದ್ದು ನಿಮ್ಮ ಹಳೆಯ ಗ್ರಂಥಗಳಲ್ಲೇ ಇದೆ’ ಎಂದು ಶ್ಲೋಕ ಹೊಸೆದು ಹರಡಿದವರೂ ಇದ್ದರು. ಸದುದ್ದೇಶದ ಸುಳ್ಳು. ಎರಡು ಶತಮಾನ ಕಳೆದರೂ ಅದು ಸತ್ತಿಲ್ಲ, ಈಗ ‘ಲಸಿಕೆ ಕಂಡುಹಿಡಿದ ಜೆನ್ನರ್‌ಗಿಂತ ಸಾವಿರ ವರ್ಷ ಮೊದಲೇ ನಮ್ಮ ಋಷಿಗಳು’ ಎಂದು ಫಾರ್ವರ್ಡ್ ಆಗಿ ಬರುತ್ತದೆ. ಒಳ್ಳೆಯ ಕೆಲಸಕ್ಕೆ ಹೇಳಿದ ಸುಳ್ಳಿಗೂ ಆಯುಸ್ಸು ಜಾಸ್ತಿ.

ದೇವಿಯ ಭಕ್ತಿಯೂ ಸೂಜಿಯೂ ಜಗಳವಾಡಲೇಬೇಕು ಎಂದೇನೂ ಇಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪ್ಲೇಗಮ್ಮನ ಗುಡಿಗಳು ಎದ್ದವು, ಊರು ಮಲ್ಲೇಶ್ವರ, ಬಸವನಗುಡಿಗಳಾಗಿ ಬಯಲಿಗೂ ಹರಡಿತು. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯ ವಿಗ್ರಹ ಕೂಡಿಸಿದರು. ಅಮ್ಮನಿಗೆ ಹಣ್ಣುಕಾಯಿ ಮಾಡಿಸಿ ಅಲ್ಲಿಂದಲೇ ಆಧಾರ್ ಕಾರ್ಡ್ ಹಿಡಿದು ಎರಡನೇ ಡೋಸಿನ ಸಾಲಿಗೆ ಬಂದ ಅಜ್ಜಿಯನ್ನು ನಾನೇ ನೋಡಿದ್ದೇನೆ. ಸಿಡುಬು ಭಾರತದಿಂದ 1975ರಲ್ಲೇ ಹೋಯಿತು. ಮಾರಮ್ಮನ ಜಾತ್ರೆಗೆ ಜನವೇನೂ ಕಡಿಮೆಯಾಗಿಲ್ಲ.

ಮುಂದುವರಿದ ದೇಶಗಳಲ್ಲಿ ಧರ್ಮದ ಹೆಸರಿನ ನಿರಾಕರಣೆ ಇದೆಯೇ?

ಇದೆ, ಮತ್ತು ನಮ್ಮಲ್ಲಿಗಿಂತ ಗಟ್ಟಿಯಾಗಿದೆ. ನೆದರ್ಲೆಂಡ್ಸ್‌ನಲ್ಲಿ ‘ಬೈಬಲ್ ಪಟ್ಟಿ’ ಎನ್ನುವ ಒಂದು ಸೀಮೆಯಿದೆ. ಅಲ್ಲಿನ ಕೆಲವು ಪ್ರಾಟೆಸ್ಟೆಂಟರ ವಾದ: ಆರೋಗ್ಯ, ರೋಗ ಎರಡೂ ದೇವರ ಇಚ್ಛೆ, ರೋಗ ಬರುವ ಮೊದಲೇ ತಡೆಯೊಡ್ಡುವುದು ಅವನ ಮೇಲಿನ ಅಪನಂಬಿಕೆ. 1992–93ರಲ್ಲಿ ಅಲ್ಲಿ 71 ಜನರಿಗೆ ಪೋಲಿಯೊ ಬಂತು, ಇಬ್ಬರು ಸತ್ತರು. 1999–2000ದಲ್ಲಿ ಮೂರು ಸಾವಿರಕ್ಕೂ ಮೇಲ್ಪಟ್ಟು ದಡಾರ, 2013–14ರಲ್ಲಿ ಮತ್ತೆ ಎರಡೂವರೆ ಸಾವಿರದ ಮೇಲೆ. ಅದೇ ಚರ್ಚಿನ ಇನ್ನೊಂದು ಸಾಲಿನಲ್ಲಿ ಕೂತವರು ‘ಲಸಿಕೆಯೂ ದೇವರ ಕೊಡುಗೆ’ ಎಂದು ಹಾಕಿಸಿಕೊಳ್ಳುತ್ತಾರೆ. ಬೈಬಲ್ ಒಂದೇ.

ನ್ಯೂಯಾರ್ಕ್ ನಗರದಲ್ಲಿ 2018–19ರಲ್ಲಿ 649 ಜನರಿಗೆ ದಡಾರ ಬಂತು, ಬಹುಪಾಲು ಬ್ರೂಕ್ಲಿನ್‌ನ ಸಂಪ್ರದಾಯಸ್ಥ ಯಹೂದಿ ಕುಟುಂಬಗಳು. ಯಹೂದಿ ಧರ್ಮದಲ್ಲಿ ಲಸಿಕೆಗೆ ಅಡ್ಡಿಯೇ ಇಲ್ಲ, ಹೆಚ್ಚಿನ ರಬ್ಬಿಗಳು ಹಾಕಿಸಿ ಎಂದೇ ಹೇಳುತ್ತಿದ್ದರು. ಆ ಬಡಾವಣೆಗಳನ್ನೇ ಗುರಿಯಿಟ್ಟು ಯಾರೋ ಹಂಚಿದ ಪುಸ್ತಿಕೆಗಳು ಕೆಲಸ ಮಾಡಿದ್ದವು. 2025ರಲ್ಲಿ ಟೆಕ್ಸಾಸಿನ ಗೇನ್ಸ್ ಕೌಂಟಿಯ ಮೆನೊನೈಟ್ ಎಂಬ ಕ್ರೈಸ್ತ ಪಂಥದ ಸಮುದಾಯದಿಂದ ಶುರುವಾದ ದಡಾರ 762 ಜನರಿಗೆ ಹಬ್ಬಿ, ಲಸಿಕೆ ಹಾಕಿಸದ ಇಬ್ಬರು ಮಕ್ಕಳು ತೀರಿಕೊಂಡರು. ಮೆನೊನೈಟ್ ಚರ್ಚೂ ಲಸಿಕೆ ನಿಷೇಧಿಸಿಲ್ಲ. ತಮ್ಮದೇ ಶಾಲೆ, ತಮ್ಮದೇ ಭಾಷೆ, ಹೊರಗಿನ ಆಸ್ಪತ್ರೆಯ ಜತೆ ಕಡಿಮೆ ಒಡನಾಟ. ಒಂದೆಡೆ ಒತ್ತಾಗಿ ಬಾಳುವ ಸಮುದಾಯಕ್ಕೆ ಒಂದು ಅನುಮಾನ ಹೊಕ್ಕರೆ ಎಲ್ಲ ಮನೆಗೂ ಹೊಕ್ಕುತ್ತದೆ, ವೈರಸ್ಸೂ ಹಾಗೇ. ದಡಾರದ ರೋಗಿಯೊಬ್ಬ ಲಸಿಕೆಯಿಲ್ಲದ 12ರಿಂದ 18 ಜನರಿಗೆ ಅಂಟಿಸಬಲ್ಲ. ಹಾಗಾಗಿಯೇ ಶೇ 95ರಷ್ಟು ಮಕ್ಕಳಿಗೆ ಲಸಿಕೆ ಆಗಿರಬೇಕು ಎನ್ನುವುದು. ರಾಜ್ಯದ ಸರಾಸರಿ ಶೇ 95 ಇದ್ದು ಒಂದು ಬೀದಿಯದ್ದು ಶೇ 60 ಇದ್ದರೆ, ರೋಗ ಆ ಬೀದಿಯನ್ನು ಹುಡುಕಿಕೊಂಡು ಬರುತ್ತದೆ.

ಓದಿದವರು ಹಾಕಿಸುತ್ತಾರೆ, ಓದದವರು ಹಾಕಿಸುವುದಿಲ್ಲ. ಇದಾದರೂ ಸರಿಯೇ?

ಅರ್ಧ ಸರಿ. ತಾಯಿ ಶಾಲೆಗೆ ಹೋಗಿದ್ದರೆ ಮಗುವಿಗೆ ಲಸಿಕೆ ಪೂರ್ತಿಯಾಗುವ ಸಾಧ್ಯತೆ ಹೆಚ್ಚು, ಇದು ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಸುತ್ತಿನಿಂದ ಸುತ್ತಿಗೆ ಕಂಡುಬಂದಿದೆ. ಕಾರಣ ಅವಳಿಗೆ ವೈರಸ್ ಅಂದರೇನೆಂದು ಗೊತ್ತಿದೆ ಎಂದಲ್ಲ. ಏಳನೇ ಕ್ಲಾಸು ಓದಿದ ತಾಯಿ ತಾಯಿಕಾರ್ಡಿನ ಮೇಲೆ ಬರೆದ ಮುಂದಿನ ದಿನಾಂಕ ತಾನೇ ಓದುತ್ತಾಳೆ. ಸಿಸ್ಟರ್ ಗದರಿದರೆ ಹೆದರಿ ಓಡಿಬರುವುದಿಲ್ಲ, ‘ಮೇಡಂ, ಜ್ವರ ಬಂದ್ರೆ ಏನ್ ಕೊಡ್ಲಿ?’ ಎಂದು ಕೇಳುತ್ತಾಳೆ. ಮನೆಯಲ್ಲಿ ಅವಳ ಮಾತಿಗೆ ಒಂದಿಷ್ಟು ತೂಕ ಇರುತ್ತದೆ. ಬಸ್ ಚಾರ್ಜಿಗೆ ಯಾರನ್ನೂ ಬೇಡಬೇಕಾಗಿಲ್ಲದಿದ್ದರೆ ಇನ್ನೂ ಸಲೀಸು.

ಇನ್ನರ್ಧ ನೋಡಿ. 2011ರ ಜನಗಣತಿಯಲ್ಲಿ ಕೇರಳದ ಸಾಕ್ಷರತೆ ಶೇ 94, ಒಡಿಶಾದ್ದು ಶೇ 73ರ ಆಸುಪಾಸು. 2019–21ರ ಸಮೀಕ್ಷೆಯಲ್ಲಿ ಪೂರ್ಣ ಲಸಿಕೆಯಾದ ಮಕ್ಕಳು ಒಡಿಶಾದಲ್ಲಿ ಶೇ 90.5, ಕೇರಳದಲ್ಲಿ ಶೇ 77.8. ಅದೂ ಕೇರಳದ್ದು ಹಿಂದಿನ ಸಮೀಕ್ಷೆಯ ಶೇ 82ರಿಂದ ಇಳಿದದ್ದು. ನಮ್ಮ ಕರ್ನಾಟಕ ಶೇ 62.6ರಿಂದ 84.1ಕ್ಕೆ ಏರಿತು. ಆ ನಾಲ್ಕೈದು ವರ್ಷದಲ್ಲಿ ನಾವೇನು ಅಷ್ಟು ವಿದ್ಯಾವಂತರಾಗಿಬಿಟ್ಟೆವೇ? ಇಲ್ಲ. ಮನೆ ಬಾಗಿಲಿಗೆ ಹೋಗುವವರು ಹೋದರು, ಪಟ್ಟಿ ಹಿಡಿದು ಬಿಟ್ಟುಹೋದವರನ್ನು ಹುಡುಕಿದರು. ಆಶಾ ಕಾರ್ಯಕರ್ತೆಯರಿಗೆ ಸಲ್ಲಬೇಕಾದ ಹೆಸರು ನಮ್ಮ ಪಠ್ಯಪುಸ್ತಕಗಳಿಗೆ ಸಲ್ಲಬಾರದು. ಮೇಷ್ಟ್ರಾಗಿ ಹೇಳುತ್ತಿದ್ದೇನೆ.

ಓದಿದವರೇ ಬೇಡ ಅನ್ನುವುದೇಕೆ?

ಓದು ಹುಡುಕುವುದನ್ನು ಕಲಿಸುತ್ತದೆ. ಸಿಕ್ಕಿದ್ದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ತೂರುವುದನ್ನು ಕಲಿಸುವುದು ಕಡಿಮೆ. ಅದಕ್ಕೂ ನಾವು ಮೇಷ್ಟ್ರುಗಳೇ ಹೊಣೆ ಇರಬೇಕು.

1998ರಲ್ಲಿ ಲಂಡನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಬರೇ 12 ಮಕ್ಕಳನ್ನು ನೋಡಿ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. 2010ರಲ್ಲಿ ಪತ್ರಿಕೆ ಆ ಲೇಖನವನ್ನೇ ಹಿಂತೆಗೆದುಕೊಂಡಿತು, ಅವರ ವೈದ್ಯಕೀಯ ನೋಂದಣಿಯೂ ರದ್ದಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಲಸಿಕೆ ಪ್ರಮಾಣ ಶೇ 80ರ ಹತ್ತಿರಕ್ಕೆ ಕುಸಿದಿತ್ತು. ಮೊದಲು ಕುಸಿದದ್ದು, ಹೆಚ್ಚು ಕುಸಿದದ್ದು ಜಾಸ್ತಿ ಓದಿದ ಪೋಷಕರಿದ್ದ ಪ್ರದೇಶಗಳಲ್ಲಿ. ಸುದ್ದಿ ಮೊದಲು ಮುಟ್ಟಿದ್ದು ಪೇಪರು ಓದುವವರಿಗೆ ತಾನೆ! ಕ್ಯಾಲಿಫೋರ್ನಿಯಾದ ದುಬಾರಿ ಖಾಸಗಿ ಶಾಲೆಗಳಲ್ಲೂ ‘ವೈಯಕ್ತಿಕ ನಂಬಿಕೆ’ಯ ವಿನಾಯಿತಿ ಬರೆಸಿಕೊಂಡವರು ಬಡವರಾಗಿರಲಿಲ್ಲ. 2014ರ ಡಿಸೆಂಬರಿನಲ್ಲಿ ಡಿಸ್ನಿಲ್ಯಾಂಡಿನಿಂದ ದಡಾರ ಹಬ್ಬಿದ ಮೇಲೆ, 2015ರಲ್ಲಿ ಆ ವಿನಾಯಿತಿಯನ್ನೇ ಕಾನೂನು ಮಾಡಿ ತೆಗೆದರು.

ನಮ್ಮಲ್ಲಿ 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಬೆಂಗಳೂರಿನಿಂದಲೇ ಶುರುವಾಯಿತು, 9 ತಿಂಗಳಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೂ. ಸರ್ಕಾರಿ ಶಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತು, ಒಂದಿಬ್ಬರು ಅತ್ತು, ಮುಗಿದುಹೋಯಿತು. ವಾಟ್ಸಾಪ್ ಆಡಿಯೊ ಕೇಳಿ ಫೋನು ಮಾಡಿದವರು ಕಾನ್ವೆಂಟಿನ ಪೋಷಕರು. ಕೇರಳದ ಮಲಪ್ಪುರಂನಲ್ಲಿ ಮುಂದಿನ ಹಂತ ನಡೆದಾಗ ಎಡಯೂರಿನಲ್ಲಿ ನರ್ಸ್ ಮೇಲೆ ಹಲ್ಲೆಯೇ ಆಯಿತು. ಅದಕ್ಕೂ ಮೊದಲು, 2015–16ರಲ್ಲಿ, ಅದೇ ಜಿಲ್ಲೆಯಲ್ಲಿ ಗಂಟಲಮಾರಿಯಿಂದ ಮಕ್ಕಳು ಸತ್ತಿದ್ದರು. ಮಲಪ್ಪುರಂ ಮುಸ್ಲಿಂ ಬಹುಸಂಖ್ಯಾತ ಜಿಲ್ಲೆ ಎಂದು ಎಲ್ಲರೂ ತಟ್ಟನೆ ನೆನಪಿಸುತ್ತಾರೆ. ಸಾಕ್ಷರತೆ ಶೇ 90ಕ್ಕೂ ಮೇಲಿರುವ ಜಿಲ್ಲೆ, ಪ್ರಕೃತಿ ಚಿಕಿತ್ಸೆಯವರ ‘ಲಸಿಕೆ ವಿಷ’ ಭಾಷಣಗಳು ಜೋರಾಗಿದ್ದ ಜಿಲ್ಲೆ ಎಂಬುದನ್ನು ಮಾತ್ರ ಮರೆಯುತ್ತಾರೆ.

ಹಾಗಾದರೆ ಸಮೀಕ್ಷೆಗಳಲ್ಲಿ ಧರ್ಮವಾರು ವ್ಯತ್ಯಾಸ ಕಾಣುವುದು ಸುಳ್ಳೇ?

ಸುಳ್ಳಲ್ಲ. ದೇಶದಲ್ಲಿ ಮುಸ್ಲಿಂ ಮಕ್ಕಳ ಲಸಿಕೆ ಪ್ರಮಾಣ ಹಿಂದೂ ಮಕ್ಕಳಿಗಿಂತ ಕಡಿಮೆ ಇದ್ದದ್ದು ಹಿಂದಿನ ಸಮೀಕ್ಷೆಗಳಲ್ಲಿ ದಾಖಲಾಗಿದೆ. ಆದರೆ ಬಡತನ, ತಾಯಿಯ ಓದು, ಹೆರಿಗೆ ಆಸ್ಪತ್ರೆಯಲ್ಲಾಯಿತೋ ಮನೆಯಲ್ಲೋ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಆ ಅಂತರ ಕುಗ್ಗುತ್ತದೆ. ಮುಸ್ಲಿಂ ಬಹುಸಂಖ್ಯಾತ ಜಮ್ಮು–ಕಾಶ್ಮೀರದಲ್ಲಿ 2019–21ರಲ್ಲಿ ಪೂರ್ಣ ಲಸಿಕೆ ಶೇ 86ರಷ್ಟು, ರಾಷ್ಟ್ರದ ಸರಾಸರಿ ಶೇ 76.4. ಕ್ರೈಸ್ತ ಬಹುಸಂಖ್ಯಾತ ನಾಗಾಲ್ಯಾಂಡ್‌ನಲ್ಲಿ ಶೇ 57.9. ನಾಗಾಲ್ಯಾಂಡ್‌ನಲ್ಲಿ ಅಡ್ಡ ಬರುವುದು ಏಸುವಲ್ಲ, ಗುಡ್ಡ. ಪಕ್ಕದ ಬಾಂಗ್ಲಾದೇಶದಲ್ಲಿ 2018ರ ಜಾಗತಿಕ ಸಮೀಕ್ಷೆಯಲ್ಲಿ ಹತ್ತಿರ ಹತ್ತಿರ ಎಲ್ಲರೂ ಲಸಿಕೆ ಸುರಕ್ಷಿತ ಎಂದರು. ಅದೇ ಸಮೀಕ್ಷೆಯಲ್ಲಿ ಪಾಶ್ಚರ್ ಹುಟ್ಟಿದ ಫ್ರಾನ್ಸಿನಲ್ಲಿ ಮೂವರಲ್ಲಿ ಒಬ್ಬರು ಅಲ್ಲ ಎಂದರು.

ಲಸಿಕೆ ಬೇಡ ಎನ್ನುವವರೆಲ್ಲ ಮೂಢರೇ?

ನಮ್ಮ ಮಲೆನಾಡಿಗೆ ಬನ್ನಿ. ಮಂಗನ ಕಾಯಿಲೆ ಗೊತ್ತಲ್ಲ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಅದಕ್ಕೊಂದು ಲಸಿಕೆ ಇತ್ತು. ತಿಂಗಳ ಅಂತರದಲ್ಲಿ ಎರಡು ಚುಚ್ಚು, 6ರಿಂದ 9 ತಿಂಗಳಿಗೆ ಮತ್ತೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಕೈ ಎರಡು ದಿನ ಎತ್ತಲಾಗದಷ್ಟು ನೋವು. ಎರಡು ಡೋಸ್ ಪಡೆದರೂ ರಕ್ಷಣೆ ಶೇ 62ರ ಸುಮಾರು ಎಂದು ಅಧ್ಯಯನವೇ ಹೇಳಿತು. ಕೊಯ್ಲಿನ ಹೊತ್ತಿಗೆ ಕೂಲಿ ಬಿಟ್ಟು, ಕೈ ನೋಯಿಸಿಕೊಂಡು, ಆಮೇಲೂ ಕಾಯಿಲೆ ಬಂದವರನ್ನು ಪಕ್ಕದ ಮನೆಯಲ್ಲೇ ಕಂಡ ಜನ ಎರಡನೇ ಡೋಸಿಗೆ ಬರಲಿಲ್ಲ. ಅವರಲ್ಲಿ ಅಡಿಕೆ ತೋಟದ ಪದವೀಧರರೂ ಇದ್ದರು, ಕೂಲಿಯವರೂ ಇದ್ದರು, ಎಲ್ಲ ಜಾತಿಯವರೂ ಇದ್ದರು. 2018–19ರಲ್ಲಿ ಸಾಗರದ ಅರಳಗೋಡು ಭಾಗದಲ್ಲಿ ಜನ ಸತ್ತಾಗ ‘ಲಸಿಕೆ ಹಾಕಿಸಿಕೊಂಡಿಲ್ಲ’ ಎಂದು ಜನರನ್ನೇ ಬೈದವರಿದ್ದರು. 2022ರಲ್ಲಿ ಸರ್ಕಾರವೇ ಆ ಲಸಿಕೆ ಬಳಕೆ ನಿಲ್ಲಿಸಿತು, ಸತ್ವವಿಲ್ಲವೆಂದು. ಈಗ ಹೊಸದಕ್ಕೆ ಕೆಲಸ ನಡೆಯುತ್ತಿದೆ. ಅದು ಬಂದಾಗ ಹಳೆಯದರ ಬಗ್ಗೆ ಜನರಿಗೆ ನೇರವಾಗಿ ಮಾತಾಡದೆ ‘ಬನ್ನಿ, ಹಾಕಿಸಿಕೊಳ್ಳಿ’ ಎಂದರೆ ಮಲೆನಾಡು ನಂಬುವುದಿಲ್ಲ, ನಂಬಬೇಕೆಂದು ಹೇಳುವ ಧೈರ್ಯ ನನಗೂ ಇಲ್ಲ.

ಧರ್ಮಗುರುಗಳಿಂದ ಒಂದು ಮಾತು ಹೇಳಿಸಿದರೆ ಸಾಕಲ್ಲವೇ?

ಸಹಾಯವಾಗುತ್ತದೆ, ಸಾಲುವುದಿಲ್ಲ. ತಡವಾದರೆ ತಿರುಗುಬಾಣವೂ ಆಗಬಹುದು. ಇಂಡೊನೇಷ್ಯಾ 2017ರಲ್ಲಿ ಜಾವಾ ದ್ವೀಪದಲ್ಲಿ ದಡಾರ–ರುಬೆಲ್ಲಾ ಅಭಿಯಾನವನ್ನು ಚೆನ್ನಾಗಿಯೇ ನಡೆಸಿತು. 2018ರಲ್ಲಿ ಉಳಿದ ದ್ವೀಪಗಳಿಗೆ ಹೋಗುವಷ್ಟರಲ್ಲಿ, ಪುಣೆಯ ಸೀರಂ ಸಂಸ್ಥೆಯಿಂದ ತರಿಸಿದ ಆ ಲಸಿಕೆ ಹಲಾಲ್ ಹೌದೋ ಅಲ್ಲವೋ ಎಂದು ಪ್ರಶ್ನೆ ಎದ್ದಿತು. ಅಲ್ಲಿನ ಉಲೇಮಾ ಮಂಡಳಿ ಆಗಸ್ಟಿನಲ್ಲಿ ಫತ್ವಾ ಕೊಟ್ಟಿತು: ಇದರ ತಯಾರಿಕೆಯಲ್ಲಿ ಹಂದಿಮೂಲದ ವಸ್ತು ಬಳಕೆಯಾಗಿದೆ, ಹಾಗಾಗಿ ಹರಾಮ್; ಬೇರೆ ಲಸಿಕೆ ಇಲ್ಲದ್ದರಿಂದ, ಅನಿವಾರ್ಯವಾದ್ದರಿಂದ, ಸದ್ಯಕ್ಕೆ ಅನುಮತಿ ಇದೆ. ಜನರ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ‘ಆಚೆ’ (Aceh) ಎಂಬ ಹೆಸರಿನ ಪ್ರಾಂತದಲ್ಲಿ ಹತ್ತರಲ್ಲಿ ಒಂದು ಮಗುವಿಗೂ ಲಸಿಕೆ ಸಿಗಲಿಲ್ಲ. ಮೊದಲೇ ಕೂತು ಮಾತಾಡಿದ್ದರೆ ಬೇರೆಯಾಗುತ್ತಿತ್ತೋ ಏನೋ.

ಲಸಿಕೆ ಕಡ್ಡಾಯ ಮಾಡಿಬಿಟ್ಟರೆ?

ನಮ್ಮ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಕೋವಿಡ್ ಲಸಿಕೆ ಸಂಬಂಧದ ಮೊಕದ್ದಮೆಯಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಸಾರ್ವಜನಿಕ ಹಿತಕ್ಕಾಗಿ ಸರ್ಕಾರ ಸಮಂಜಸವಾದ ನಿರ್ಬಂಧ ಹಾಕಬಹುದು ಎಂದೂ ಹೇಳಿತು. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಧರ್ಮದ ಹೆಸರಿನ ವಿನಾಯಿತಿ ತೆಗೆದುಹಾಕಿತು. ಅಲ್ಲಿ ಅದು ನಡೆಯಬಹುದು. ನಮ್ಮ ಊರಿನಲ್ಲಿ ಪೊಲೀಸಿನವನನ್ನು ಕರಕೊಂಡು ಹೋದರೆ ಏನಾಗುತ್ತದೆ ಎಂಬುದನ್ನು ಮೊರಾದಾಬಾದ್ ಆಗಲೇ ತೋರಿಸಿದೆ.

ನಮ್ಮತ್ತೆ ಬೇಡ ಅಂತಾರೆ. ಗಂಡ ಸುಮ್ಮನಿದ್ದಾರೆ. ನಾನೇನು ಮಾಡಲಿ?

ಎಲ್ಲಕ್ಕಿಂತ ಹೆಚ್ಚು ಸಲ ಬಂದ ಪ್ರಶ್ನೆ ಇದು, ಎಲ್ಲ ಧರ್ಮದ ಸೊಸೆಯಂದಿರಿಂದಲೂ. ಅತ್ತೆಯ ಹತ್ತಿರ ವಾದಕ್ಕಿಳಿಯಬೇಡಿ. “ಯಾಕೆ ಬೇಡ ಅತ್ತೆ?” ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಹತ್ತರಲ್ಲಿ ಎಂಟು ಸಲ ದೇವರೂ ಬರುವುದಿಲ್ಲ, ಹಂದಿಯೂ ಬರುವುದಿಲ್ಲ. ‘ದೊಡ್ಡೋನಿಗೆ ಹಾಕ್ಸಿದಾಗ ರಾತ್ರಿಯೆಲ್ಲ ಜ್ವರ ಬಂದು ಅತ್ತ, ನಾನೇ ಎತ್ಕೊಂಡು ಓಡಾಡ್ದೆ’ ಎಂದು ಬರುತ್ತದೆ. ಆ ಜ್ವರದ ಬಗ್ಗೆ ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಒಂದೂವರೆ ತಿಂಗಳಿಗೆ ಹಾಕುವ, ಐದು ರೋಗ ತಡೆಯುವ ಪೆಂಟಾ ಚುಚ್ಚುಮದ್ದಿಗೆ ಒಂದೆರಡು ದಿನ ಜ್ವರ, ತೊಡೆ ಊತ ಬರುವುದು ಸಾಮಾನ್ಯ. ಯಾವ ಔಷಧಿ, ಎಷ್ಟು ಕೊಡಬೇಕೆಂದು ಸಿಸ್ಟರ್ ಹೇಳುತ್ತಾರೆ. ಜ್ವರ ತುಂಬ ಏರಿದರೆ, ಅಳು ನಿಲ್ಲದಿದ್ದರೆ, ಮಗು ಮಂಕಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಸಾಧ್ಯವಾದರೆ ಅತ್ತೆಯನ್ನೇ ಜತೆಗೆ ಕರಕೊಂಡು ಹೋಗಿ, ಸಿಸ್ಟರ್ ಅವರಿಗೇ ಹೇಳಲಿ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.

ತಾಯಿಕಾರ್ಡ್ ಕಳೆದುಹೋಗಿದೆ, ಬೈತಾರೆ ಅಂತ ಎಷ್ಟೋ ಜನ ಹೋಗುವುದನ್ನೇ ಬಿಡುತ್ತಾರೆ. ಕಾರ್ಡಿಲ್ಲದಿದ್ದರೂ ಹೋಗಿ. ಹೆರಿಗೆ ಎಲ್ಲಾಯಿತು, ಯಾವ ತಿಂಗಳು ಅಂತ ಹೇಳಿದರೆ ಆಶಾ ಅವರ ಪುಸ್ತಕದಲ್ಲಿ ಮಗುವಿನ ಹೆಸರು ಸಿಗುತ್ತದೆ.